ಸೀನು ಬೆಳಿಗ್ಗೆ, ಮೂಗು ಕಟ್ಟುವುದು ಸಂಜೆ: ಅಲರ್ಜಿಯಲ್ಲಿ ಬಿಳಿ ರಕ್ತಕಣಗಳನ್ನು ಕರೆಸುವವರು ಯಾರು?

ಹಳೆಯ ಹೊದಿಕೆ ಕೊಡವಿದ ಎರಡೇ ನಿಮಿಷಕ್ಕೆ ಸೀನು ಶುರು. ಮೂಗಿನಿಂದ ನೀರು, ಕಣ್ಣಲ್ಲಿ ತುರಿಕೆ. ಒಂದು ಗಂಟೆಯೊಳಗೆ ಎಲ್ಲ ತಣ್ಣಗಾಗುತ್ತದೆ. ಮುಗೀತು ಅಂದುಕೊಳ್ಳುತ್ತೇವೆ. ಆದರೆ ಸಂಜೆ ಹೊತ್ತಿಗೆ ಮೂಗು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ತಲೆ ಭಾರ, ಬಾಯಲ್ಲೇ ಉಸಿರಾಟ. ಆಸ್ತಮಾ ಇರುವವರಿಗೆ ನಡುರಾತ್ರಿ ಎದೆ ಹಿಡಿದುಕೊಂಡು ಎಚ್ಚರವಾಗುವುದೂ ಉಂಟು. ಆ ಹೊತ್ತಿಗೆ ಸುತ್ತ ಧೂಳೇ ಇರುವುದಿಲ್ಲ. ಮತ್ತೆ ಇದು ಬಂದಿದ್ದು ಎಲ್ಲಿಂದ?

ಬೆಳಗಿನದೂ ಸಂಜೆಯದೂ ಒಂದೇ ಅಲರ್ಜಿಯ ಎರಡು ಹಂತಗಳು. ಆದರೆ ಕೆಲಸ ಮಾಡುವ ಕೋಶಗಳು ಬೇರೆ, ರಾಸಾಯನಿಕಗಳು ಬೇರೆ, ತಗ್ಗಿಸುವ ಔಷಧಿಯೂ ಬೇರೆ. ಮೊದಲ ಹಂತದಲ್ಲಿ ಮುಖ್ಯ ಪಾತ್ರ ಹಿಸ್ಟಮಿನ್‌ನದು. ಅಲರ್ಜಿ ಮಾತ್ರೆ ನುಂಗಿದವರಿಗೆಲ್ಲ ಈ ಹೆಸರು ಗೊತ್ತು. ಎರಡನೆಯದು ಬಿಳಿ ರಕ್ತಕಣಗಳ ಕೆಲಸ. ಅದರಲ್ಲೂ ಈಸಿನೊಫಿಲ್ ಎಂಬ ಕಣಗಳದು. ವರ್ಷಗಟ್ಟಲೆ ಎಳೆಯುವ ಅಲರ್ಜಿಯಲ್ಲಿ ಮೂಗು, ಶ್ವಾಸನಾಳಗಳನ್ನು ಹಾಳುಗೆಡವುವುದು ಹೆಚ್ಚಾಗಿ ಈ ಎರಡನೆಯ ಹಂತವೇ. ಆದರೂ ಹೆಸರೆಲ್ಲ ಹಿಸ್ಟಮಿನ್‌ಗೇ ಹೋಗಿದೆ.

ಬಿಳಿ ರಕ್ತಕಣಗಳು ಸುಮ್ನೆ ಬಂದು ಸೇರಿಕೊಳ್ಳುವುದಿಲ್ಲ. ಯಾರೋ ಕರೆಯಬೇಕು, ದಾರಿ ತೋರಿಸಬೇಕು, ಬಂದ ಮೇಲೆ ಕೆಲಸಕ್ಕೆ ಹಚ್ಚಬೇಕು, ಸಾಯದಂತೆ ನೋಡಿಕೊಳ್ಳಬೇಕು. ಇದೆಲ್ಲ ನಡೆಯುವುದು ಸಣ್ಣ ಸಣ್ಣ ಪ್ರೋಟೀನುಗಳ ಮೂಲಕ. ಇವನ್ನು ಸೈಟೊಕೈನ್ ಎನ್ನುತ್ತಾರೆ. ಒಂದು ಕೋಶ ಇದನ್ನು ಹೊರಗೆ ಬಿಡುತ್ತದೆ. ಇದಕ್ಕೆ ಹೊಂದುವ ರಿಸೆಪ್ಟರ್ (ಸುದ್ದಿ ಹಿಡಿಯುವ ಪ್ರೋಟೀನು) ಯಾವ ಕೋಶದ ಮೈಮೇಲೆ ಇದೆಯೋ ಅದಕ್ಕೆ ಮಾತ್ರ ಸುದ್ದಿ ಮುಟ್ಟುತ್ತದೆ. ಉಳಿದ ಕೋಶಗಳಿಗೆ ಅದು ಬಂದಿದ್ದೂ ಗೊತ್ತಾಗುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಮೊದಲ ಸುದ್ದಿ ಹೊರಡುವುದು ಒಳಪದರದಿಂದ

ಅಲರ್ಜಿ ಶುರುವಾಗುವುದು ರಕ್ತದಲ್ಲಿ ಎಂದು ಹಲವರು ತಿಳಿದಿದ್ದಾರೆ. ಅದು ಶುರುವಾಗುವುದು ಮೂಗು, ಶ್ವಾಸನಾಳ, ಕರುಳಿನ ಒಳಪದರದಲ್ಲಿ ಅಥವಾ ಚರ್ಮದಲ್ಲಿ. ಧೂಳಿನ ನುಸಿಯನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣದ ಈ ಜೀವಿ ನಮ್ಮನ್ನು ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಪುಡಿ ತಿಂದುಕೊಂಡು ಹಾಸಿಗೆಯಲ್ಲಿ ಇರುತ್ತದೆ. ತೊಂದರೆ ಕೊಡುವುದು ಅದರ ಹಿಕ್ಕೆ. ಅದರಲ್ಲಿ ಡರ್ ಪಿ 1 ಎಂಬ ಪ್ರೋಟೀನ್ ಇದೆ. ಇದು ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಎಂಜೈಮು. ನುಸಿಯ ಹೊಟ್ಟೆಯಲ್ಲಿ ಇದರ ಕೆಲಸ ಜೀರ್ಣಕ್ರಿಯೆ. ನಮ್ಮ ಮೂಗಿಗೆ ಬಂದರೂ ಅದು ತನ್ನ ಗುಣ ಬಿಡುವುದಿಲ್ಲ. ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿದು ಹಿಡಿದ ಪ್ರೋಟೀನುಗಳನ್ನು ಕತ್ತರಿಸಿ ಸಂದು ಮಾಡುತ್ತದೆ.

ಪೆಟ್ಟು ತಿಂದ ಒಳಪದರದ ಕೋಶಗಳು ಮೂರು ಸುದ್ದಿ ಬಿಡುತ್ತವೆ: ಐಎಲ್-33, ಐಎಲ್-25, ಟಿಎಸ್‌ಎಲ್‌ಪಿ. ಮೂರೂ ಸೈಟೊಕೈನುಗಳೇ; ಐಎಲ್ ಎಂದರೆ ಇಂಟರ್‌ಲ್ಯೂಕಿನ್. ಇವುಗಳಲ್ಲಿ ಐಎಲ್-33ರ ವಿಷಯ ಸ್ವಾರಸ್ಯವಾಗಿದೆ. ಅದನ್ನು ಹೊಸದಾಗಿ ತಯಾರಿಸುತ್ತಾ ಕೂರುವಂತಿಲ್ಲ. ಅದು ಕೋಶದ ನ್ಯೂಕ್ಲಿಯಸ್‌ನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಕೋಶ ಒಡೆದರೆ ಹೊರಗೆ ಚೆಲ್ಲುತ್ತದೆ. ಅಂದರೆ ಐಎಲ್-33 ಹೊರಗೆ ಕಂಡಿತೆಂದರೆ ಇಲ್ಲಿ ಏನೋ ಹರಿದಿದೆ, ಮುರಿದಿದೆ ಎಂದೇ ಅರ್ಥ. ಅಲರ್ಜಿ ತರುವ ಕೆಲವು ಎಂಜೈಮುಗಳು ಐಎಲ್-33ನ್ನೇ ಕತ್ತರಿಸಿ ಇನ್ನಷ್ಟು ಚುರುಕಾಗಿಸುತ್ತವೆ.

ಈ ಏರ್ಪಾಡು ಇರುವುದು ನಮ್ಮನ್ನು ಗೋಳಾಡಿಸಲಿಕ್ಕಲ್ಲ. ಕರುಳಿನ ಹುಳಗಳು ಕೂಡ ಒಳಪದರವನ್ನು ಹೀಗೇ ಕೊರೆಯುತ್ತವೆ. ಬ್ಯಾಕ್ಟೀರಿಯಾವನ್ನಾದರೆ ಒಂದು ಬಿಳಿ ರಕ್ತಕಣ ನುಂಗಿ ಹಾಕಬಹುದು. ಹುಳವನ್ನು ನುಂಗುವುದು ಸಾಧ್ಯವಾ? ಅದಕ್ಕೇ ದೇಹ ಬೇರೆ ದಾರಿ ಹಿಡಿದಿದೆ. ಲೋಳೆ ಸುರಿಸು, ಸೀನಿಸು, ಕೆಮ್ಮಿಸು, ತುರಿಸು, ಮೇಲಿಂದ ವಿಷ ಚೆಲ್ಲು. ಈ ಬಗೆಯ ಪ್ರತಿಕ್ರಿಯೆಗೆ ಟೈಪ್-2 ಎಂದು ಹೆಸರು. ಅಲರ್ಜಿಯಲ್ಲಿ ನಡೆಯುವುದೂ ಇದೇ, ಹುಳ ಮಾತ್ರ ಇಲ್ಲ.

ಒಳಪದರದ ಸುದ್ದಿ ಎರಡು ಕಡೆ ಮುಟ್ಟುತ್ತದೆ. ಹತ್ತಿರದಲ್ಲೇ ಐಎಲ್‌ಸಿ2 ಎಂಬ ಕೋಶಗಳಿವೆ. 2010ರ ಸುಮಾರಿಗೆ ಇವು ಸ್ಪಷ್ಟವಾಗಿ ಗುರುತಿಗೆ ಬಂದವು. ಬಂದದ್ದು ಧೂಳೋ ಪರಾಗವೋ ಎಂದು ಇವು ವಿಚಾರಿಸುವುದಿಲ್ಲ. ಐಎಲ್-33 ಸಿಕ್ಕರೆ ಸಾಕು, ಐಎಲ್-5 ಮತ್ತು ಐಎಲ್-13ನ್ನು ಧಾರಾಳವಾಗಿ ಬಿಡುತ್ತವೆ. ಇನ್ನೊಂದು ಕಡೆ ಡೆಂಡ್ರೈಟಿಕ್ ಕೋಶಗಳು. ಇವು ನುಸಿಯ ಪ್ರೋಟೀನನ್ನು ನುಂಗಿ, ತುಂಡು ಮಾಡಿ, ಆ ತುಂಡನ್ನು ಮೈಮೇಲೆ ಇಟ್ಟುಕೊಂಡು ಹತ್ತಿರದ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತವೆ. ಅಲ್ಲಿ ಆ ತುಂಡನ್ನು ಗುರುತಿಸುವ ಟಿ ಕೋಶ (ಒಂದು ಬಗೆಯ ಬಿಳಿ ರಕ್ತಕಣ) ಸಿಕ್ಕಿದರೆ ಅದು ಟಿಎಚ್2 ಕೋಶವಾಗಿ ಬದಲಾಗುತ್ತದೆ. ಈ ಬದಲಾವಣೆಗೆ ಐಎಲ್-4 ಬೇಕು. ಹೀಗೆ ಹುಟ್ಟಿದ ಟಿಎಚ್2 ಕೋಶ ತಾನೂ ಐಎಲ್-4 ಬಿಡುತ್ತದೆ, ಜೊತೆಗೆ ಐಎಲ್-5, ಐಎಲ್-13. ಒಂದು ಸಲ ಶುರುವಾದ ಅಲರ್ಜಿ ತಾನಾಗಿ ನಿಲ್ಲದೇ ಇರುವುದಕ್ಕೆ ಈ ಸುತ್ತು ಒಂದು ಕಾರಣ.

ಈ ಹಂತದಲ್ಲಿ ವ್ಯಕ್ತಿಗೆ ಏನೂ ಗೊತ್ತಾಗುವುದಿಲ್ಲ. ಸೀನಿಲ್ಲ, ತುರಿಕೆಯಿಲ್ಲ. "ಇಷ್ಟು ವರ್ಷ ತಿಂದಿದ್ದೀನಿ, ಏನೂ ಆಗಿರಲಿಲ್ಲ" ಎಂದು ಜನ ಹೇಳುವುದು ಸುಳ್ಳಲ್ಲ. ಆ ದಿನಗಳಲ್ಲಿ ಒಳಗೆ ತಯಾರಿ ನಡೆದಿರುತ್ತದೆ.

ಮೊದಲ ಹತ್ತು ನಿಮಿಷ

ತಯಾರಿಯ ಕೊನೆಯಲ್ಲಿ ಬರುವುದು ಐಜಿಇ ಎಂಬ ಪ್ರತಿಕಾಯ. ಐಎಲ್-4 ಸಿಕ್ಕ ಬಿ ಕೋಶಗಳು ಬೇರೆ ಪ್ರತಿಕಾಯ ಮಾಡುವುದನ್ನು ಬಿಟ್ಟು ಐಜಿಇ ಮಾಡಲು ತೊಡಗುತ್ತವೆ.

ರಕ್ತದಲ್ಲಿ ಇಂಥದ್ದೇನೋ ಇದೆ ಎಂಬ ಗುಮಾನಿ ಮೊದಲಿಂದ ಇತ್ತು. 1921ರಲ್ಲಿ ಪ್ರೌಸ್ನಿಟ್ಸ್ ಮತ್ತು ಕ್ಯುಸ್ಟ್ನರ್ ಎಂಬ ಇಬ್ಬರು ವೈದ್ಯರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಕ್ಯುಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಆಮೇಲೆ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ದದ್ದು ಎದ್ದಿತು. ಮೀನಿನ ಅಲರ್ಜಿಯೇ ಇಲ್ಲದ ಚರ್ಮದಲ್ಲಿ! ಅಂದರೆ ಸೀರಮ್ಮಿನಲ್ಲಿದ್ದ ಯಾವುದೋ ವಸ್ತುವಿನ ಜೊತೆ ಅಲರ್ಜಿಯೂ ದಾಟಿ ಬಂದಿತ್ತು. ಅದು ಏನು ಎಂದು ತಿಳಿಯಲು ಮತ್ತೆ ನಾಲ್ಕು ದಶಕ ಹಿಡಿಯಿತು. 1966-67ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ ದಂಪತಿ, ಸ್ವೀಡನ್ನಿನ ಉಪ್ಸಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಶ್ ಬೇರೆ ಬೇರೆ ದಾರಿಯಲ್ಲಿ ಅದನ್ನು ಕಂಡುಹಿಡಿದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಅಧಿಕೃತವಾಯಿತು. ಇಷ್ಟು ತಡವಾಗಿದ್ದು ಏಕೆಂದರೆ ರಕ್ತದಲ್ಲಿ ಇದರ ಪ್ರಮಾಣ ತೀರಾ ಕಡಿಮೆ. ಐದು ಬಗೆಯ ಪ್ರತಿಕಾಯಗಳಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು ಇದೇ.

ಐಜಿಇ ಇರುವುದೇ ಬೇರೆ ಕಡೆ. ರಕ್ತದಲ್ಲಿ ಅದು ಎರಡು ಮೂರು ದಿನಕ್ಕೆ ಅರ್ಧದಷ್ಟು ಕರಗಿಹೋಗುತ್ತದೆ. ಆದರೆ ಮಾಸ್ಟ್ ಕೋಶದ ಮೈಮೇಲೆ ವಾರಗಟ್ಟಲೆ ಅಂಟಿಕೊಂಡಿರುತ್ತದೆ. ಮಾಸ್ಟ್ ಕೋಶಗಳು ಚರ್ಮ, ಮೂಗು, ಶ್ವಾಸನಾಳ, ಕರುಳಿನಲ್ಲಿ, ಸಣ್ಣ ರಕ್ತನಾಳ ಮತ್ತು ನರಗಳ ಪಕ್ಕದಲ್ಲೇ ಇರುತ್ತವೆ. ಒಂದೊಂದರ ಮೇಲೂ ಐಜಿಇ ಹಿಡಿಯುವ ರಿಸೆಪ್ಟರುಗಳು ಸಾವಿರಗಟ್ಟಲೆ, ಎಷ್ಟೋ ಸಲ ಲಕ್ಷಗಟ್ಟಲೆ.

ನುಸಿಯ ಪ್ರೋಟೀನ್ ಮತ್ತೆ ಬಂದಾಗ ಏನಾಗುತ್ತದೆ ನೋಡಿ. ಒಂದೇ ಒಂದು ಐಜಿಇಗೆ ಅದು ಅಂಟಿಕೊಂಡರೆ ಏನೂ ಆಗುವುದಿಲ್ಲ. ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿಯಬೇಕು. ಆಗ ಅವುಗಳ ಕೆಳಗಿನ ರಿಸೆಪ್ಟರುಗಳು ಹತ್ತಿರಕ್ಕೆ ಸರಿಯುತ್ತವೆ. ಕೋಶದ ಒಳಬದಿಯಲ್ಲಿ ಲಿನ್ ಎಂಬ ಎಂಜೈಮು ಆ ರಿಸೆಪ್ಟರುಗಳ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಫಾಸ್ಫೇಟ್ ಕಂಡಲ್ಲಿಗೆ ಸಿಕ್ ಎಂಬ ಇನ್ನೊಂದು ಎಂಜೈಮು ಬಂದು ಕೂರುತ್ತದೆ. ಅಲ್ಲಿಂದ ಸುದ್ದಿ ಮುಂದೆ ಹರಿದು, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದ್ದೇ ತಡ, ಒಳಗಿದ್ದ ಸಣ್ಣ ಚೀಲಗಳು ಕೋಶದ ಗೋಡೆಗೆ ಬಂದು ಕೂಡಿಕೊಂಡು ಬಾಯಿ ಬಿಡುತ್ತವೆ. ಹಿಸ್ಟಮಿನ್ ಹೊರಗೆ. ನರಕ್ಕೆ ತಗುಲಿದರೆ ತುರಿಕೆ, ಸೀನು. ರಕ್ತನಾಳಕ್ಕೆ ತಗುಲಿದರೆ ನೀರು ಸೋರಿ ಊತ. ಇದೆಲ್ಲ ನಿಮಿಷಗಳ ಲೆಕ್ಕ.

ಹಿಸ್ಟಮಿನ್ ಬೇಗ ಒಡೆದುಹೋಗುತ್ತದೆ. ಅದಕ್ಕೇ ಸೀನು ನಿಲ್ಲುತ್ತದೆ. ಆದರೆ ಮಾಸ್ಟ್ ಕೋಶದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಅರ್ಧ ಗಂಟೆಯಲ್ಲಿ ಅದು ತನ್ನ ಗೋಡೆಯ ಕೊಬ್ಬಿನಿಂದ ಲ್ಯುಕೊಟ್ರೀನ್ ಮತ್ತು ಪ್ರೋಸ್ಟಗ್ಲಾಂಡಿನ್ ಡಿ2 ಎಂಬ ರಾಸಾಯನಿಕಗಳನ್ನು ಮಾಡಿ ಬಿಡುತ್ತದೆ. ಅದರ ನಂತರ, ಗಂಟೆಗಳ ಹೊತ್ತು, ಹೊಸ ಸೈಟೊಕೈನುಗಳನ್ನು. ಸಂಜೆಗೆ ಕಟ್ಟುವ ಮೂಗಿನ ಬೀಜ ಬೆಳಗಿನ ಸೀನಿನ ಹೊತ್ತಲ್ಲೇ ಬಿದ್ದಿರುತ್ತದೆ.

ಮೂಳೆಯಿಂದ ಮೂಗಿನವರೆಗೆ

ಈಸಿನೊಫಿಲ್ ಅನ್ನು ಮೊದಲು ವಿವರಿಸಿದವರು ಜರ್ಮನಿಯ ಪೌಲ್ ಎರ್ಲಿಚ್, 1879ರಲ್ಲಿ. ಇಯೋಸಿನ್ ಎಂಬ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇದರೊಳಗಿನ ಕಾಳುಗಳು ಕಿತ್ತಳೆಗೆಂಪಾಗಿ ಹೊಳೆಯುತ್ತವೆ. ಮಾಸ್ಟ್ ಕೋಶವನ್ನು ಗುರುತಿಸಿದ್ದೂ ಅವರೇ, ಅದರ ಹಿಂದಿನ ವರ್ಷ. ಅಲರ್ಜಿಯ ಎರಡೂ ಹಂತಗಳ ಮುಖ್ಯ ಕೋಶಗಳು ಒಬ್ಬನೇ ಮನುಷ್ಯನ ಕಣ್ಣಿಗೆ ಬಿದ್ದಿದ್ದವು. ಅಲರ್ಜಿ ಎಂಬ ಪದವೇ ಆಗಿನ್ನೂ ಇರಲಿಲ್ಲ; ಅದು ಬಂದದ್ದು 1906ರಲ್ಲಿ.

ಆರೋಗ್ಯವಂತರ ರಕ್ತದಲ್ಲಿ ಬಿಳಿ ರಕ್ತಕಣಗಳ ಪೈಕಿ ಈಸಿನೊಫಿಲ್ ನೂರಕ್ಕೆ ಒಂದರಿಂದ ಐದರಷ್ಟು ಮಾತ್ರ. ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ರಕ್ತದಲ್ಲಿ ಸುತ್ತುವುದು ಹೆಚ್ಚೆಂದರೆ ಒಂದು ದಿನದಷ್ಟು. ಅಂದಮೇಲೆ ಮೂಗಿನಲ್ಲಿ ಇವು ಗುಂಪುಗೂಡಬೇಕಾದರೆ ಮಜ್ಜೆಯಲ್ಲಿ ಉತ್ಪಾದನೆ ಏರಬೇಕು. ಮೂಗಿನ ಸುದ್ದಿ ಮೂಳೆಗೆ ಮುಟ್ಟಬೇಕು.

ಮುಟ್ಟಿಸುವುದು ಐಎಲ್-5. ಟಿಎಚ್2 ಮತ್ತು ಐಎಲ್‌ಸಿ2 ಕೋಶಗಳು ಬಿಟ್ಟ ಐಎಲ್-5 ರಕ್ತದಲ್ಲಿ ಹರಿದು ಮಜ್ಜೆ ಸೇರುತ್ತದೆ. ಇದರ ರಿಸೆಪ್ಟರ್ ಈಸಿನೊಫಿಲ್‌ಗಳ ಮೇಲೆ ಮತ್ತು ಈಸಿನೊಫಿಲ್ ಆಗಲಿರುವ ಎಳೆಯ ಕೋಶಗಳ ಮೇಲೆ ದಂಡಿಯಾಗಿದೆ. ಬೇರೆ ಕೋಶಗಳಲ್ಲಿ ಕಡಿಮೆ. ಆದ್ದರಿಂದ ಒಂದು ಪ್ರೋಟೀನು ಇಡೀ ಮಜ್ಜೆಯಲ್ಲಿ ಹರಡಿದರೂ ಎಚ್ಚೆತ್ತುಕೊಳ್ಳುವವು ಇವು ಮಾತ್ರ.

ರಿಸೆಪ್ಟರಿಗೆ ಐಎಲ್-5 ಕೂತ ಮೇಲೆ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಿಸೆಪ್ಟರಿನಲ್ಲಿ ಎರಡು ಎಳೆಗಳಿವೆ. ಐಎಲ್-5 ಬಂದಾಗ ಎರಡೂ ಜೊತೆಯಾಗುತ್ತವೆ. ಪ್ರತಿ ಎಳೆಯ ಒಳತುದಿಯಲ್ಲಿ ಜಾಕ್ ಎಂಬ ಎಂಜೈಮು ಇದೆ. ಎಳೆಗಳು ಹತ್ತಿರ ಬಂದಾಗ ಜಾಕ್‌ಗಳೂ ಹತ್ತಿರವಾಗಿ ಪರಸ್ಪರ ಚುರುಕುಗೊಳ್ಳುತ್ತವೆ. ಆಮೇಲೆ ಎಳೆಯ ಮೇಲೆ ಫಾಸ್ಫೇಟ್ ಗುರುತು ಹಾಕುತ್ತವೆ. ಆ ಗುರುತಿಗೆ ಸ್ಟಾಟ್-5 ಎಂಬ ಪ್ರೋಟೀನು ಬಂದು ಕೂರುತ್ತದೆ, ತಾನೂ ಒಂದು ಫಾಸ್ಫೇಟ್ ಪಡೆಯುತ್ತದೆ, ಇನ್ನೊಂದು ಸ್ಟಾಟ್-5ರ ಜೊತೆ ಜೋಡಿಯಾಗಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಅಲ್ಲಿ ಡಿಎನ್‌ಎ ಮೇಲೆ ಕೂತು ಬೆಳವಣಿಗೆಗೆ, ಬದುಕುಳಿಯುವುದಕ್ಕೆ ಬೇಕಾದ ಜೀನುಗಳನ್ನು ಓದಿಸುತ್ತದೆ. ಗೋಡೆಯಿಂದ ಡಿಎನ್‌ಎವರೆಗಿನ ಈ ಪಯಣದಲ್ಲಿ ಹೆಚ್ಚು ಮಧ್ಯವರ್ತಿಗಳಿಲ್ಲ. ಹಾಗಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಐಎಲ್-4, ಐಎಲ್-13 ಕೂಡ ಇದೇ ಕ್ರಮ ಅನುಸರಿಸುತ್ತವೆ. ಆದರೆ ಅಲ್ಲಿ ನ್ಯೂಕ್ಲಿಯಸ್ಸಿಗೆ ಹೋಗುವುದು ಸ್ಟಾಟ್-6.

ಈಗ ಮಜ್ಜೆಯಿಂದ ಹೊರಟ ಈಸಿನೊಫಿಲ್ ರಕ್ತದಲ್ಲಿ ಓಡುತ್ತಿದೆ. ಮೂಗಿನ ಹತ್ತಿರ ಇಳಿಯಬೇಕು ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ರಕ್ತನಾಳದ ಒಳಗೋಡೆಯೇ ಹೇಳುತ್ತದೆ. ಅಲರ್ಜಿ ನಡೆಯುತ್ತಿರುವ ಜಾಗದಲ್ಲಿ ಐಎಲ್-4, ಐಎಲ್-13 ಆ ಗೋಡೆಗೂ ಮುಟ್ಟಿರುತ್ತವೆ. ಗೋಡೆಯ ಕೋಶಗಳು ವಿಕ್ಯಾಮ್-1 ಎಂಬ ಹಿಡಿಕೆಯನ್ನು ಹೊರಕ್ಕೆ ಚಾಚಿರುತ್ತವೆ. ಈಸಿನೊಫಿಲ್ ಮೈಮೇಲೆ ಅದಕ್ಕೆ ಹೊಂದುವ ವಿಎಲ್‌ಎ-4 ಇದೆ. ಕೀವು ತರುವ ಸೋಂಕಿನಲ್ಲಿ ಮೊದಲು ಬರುವ ನ್ಯೂಟ್ರೊಫಿಲ್‌ಗಳಲ್ಲಿ ವಿಎಲ್‌ಎ-4 ತೀರಾ ಕಡಿಮೆ. ಅದಕ್ಕೇ ಅವು ಮುಂದೆ ಹೋಗಿಬಿಡುತ್ತವೆ, ಈಸಿನೊಫಿಲ್‌ಗಳು ನಿಲ್ಲುತ್ತವೆ.

ಒಮ್ಮೆಲೇ ನಿಲ್ಲುವುದಲ್ಲ. ಓಡುವ ಬಸ್ಸಿನಿಂದ ಇಳಿಯುವವನು ಕಂಬಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ಓಡಿ ಆಮೇಲೆ ಕಾಲೂರುವ ಹಾಗೆ, ಕಣ ಮೊದಲು ಸೆಲೆಕ್ಟಿನ್ ಎಂಬ ಸಡಿಲ ಹಿಡಿತಗಳ ಮೇಲೆ ಉರುಳುತ್ತಾ ವೇಗ ಕಳೆದುಕೊಳ್ಳುತ್ತದೆ. ನಂತರ ವಿಕ್ಯಾಮ್-1 ಗಟ್ಟಿಯಾಗಿ ಹಿಡಿಯುತ್ತದೆ. ಕಣ ಚಪ್ಪಟೆಯಾಗಿ ಗೋಡೆಗೆ ಅಂಟಿ, ಎರಡು ಕೋಶಗಳ ಸಂದಿಯಲ್ಲಿ ಮೈ ತೂರಿಸಿ ಆಚೆ ಬದಿಗೆ ನುಸುಳುತ್ತದೆ. ಆಚೆಗೆ ದಾಟಿದ ಮೇಲೆ ದಾರಿ ತೋರಿಸುವುದು ಇಯೊಟಾಕ್ಸಿನ್. ಐಎಲ್-13 ಮುಟ್ಟಿದ ಒಳಪದರದ ಕೋಶಗಳು ಇದನ್ನು ಬಿಡುತ್ತವೆ. ಎಲ್ಲಿ ಇಯೊಟಾಕ್ಸಿನ್ ಜಾಸ್ತಿಯೋ ಅತ್ತ ಈಸಿನೊಫಿಲ್ ತೆವಳುತ್ತದೆ. ಅದರ ಮೈಮೇಲಿನ ಸಿಸಿಆರ್3 ಎಂಬ ರಿಸೆಪ್ಟರ್ ಆ ಹೆಚ್ಚು ಕಡಿಮೆಯನ್ನು ಅಳೆಯುತ್ತಾ ಹೋಗುತ್ತದೆ.

ಉತ್ಪಾದನೆಗೆ ಒಂದು ಸುದ್ದಿ, ಇಳಿಯುವ ಜಾಗಕ್ಕೆ ಇನ್ನೊಂದು, ಕೊನೆಯ ಕೆಲವು ಹೆಜ್ಜೆಗೆ ಮತ್ತೊಂದು. ಇಷ್ಟೆಲ್ಲಕ್ಕೆ ಸಮಯ ಬೇಕಲ್ವಾ? ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆ. ಬೆಳಿಗ್ಗೆಯ ಧೂಳಿಗೆ ಸಂಜೆ ಮೂಗು ಕಟ್ಟುವುದು ಇದೇ ಲೆಕ್ಕಕ್ಕೆ.

ಬಂದ ಮೇಲೆ ಮಾಡುವುದೇನು

ಈಸಿನೊಫಿಲ್ ಒಳಗಿನ ಆ ಕಾಳುಗಳಲ್ಲಿ ಇರುವುದು ಹುಳದ ತೊಗಲಿಗೆ ಹಾನಿ ಮಾಡಬಲ್ಲ ಪ್ರೋಟೀನುಗಳು. ಮೇಜರ್ ಬೇಸಿಕ್ ಪ್ರೋಟೀನ್ ಅವುಗಳಲ್ಲಿ ಮುಖ್ಯವಾದದ್ದು. ಹುಳ ಇಲ್ಲದ ಕಡೆ ಅದು ಚೆಲ್ಲಿದರೆ ನಮ್ಮ ಒಳಪದರವೇ ಸಿಪ್ಪೆ ಏಳುತ್ತದೆ. ಪದರ ಹರಿದರೆ ಮತ್ತೆ ಐಎಲ್-33. ಮತ್ತೆ ಮೊದಲಿನಿಂದ ಶುರು.

ಶ್ವಾಸನಾಳದಲ್ಲಿ ಇದೇ ಪ್ರೋಟೀನು ಇನ್ನೊಂದು ಕಿತಾಪತಿ ಮಾಡುತ್ತದೆ. ಅಲ್ಲಿನ ಸ್ನಾಯುವನ್ನು ಬಿಗಿಗೊಳಿಸುವ ನರಗಳ ತುದಿಯಲ್ಲಿ ಎಂ2 ಎಂಬ ರಿಸೆಪ್ಟರ್ ಇದೆ. "ಸಾಕು, ಇನ್ನು ಬಿಡಬೇಡ" ಎಂದು ನರಕ್ಕೆ ತಿಳಿಸುವುದು ಇದರ ಕೆಲಸ. ಮೇಜರ್ ಬೇಸಿಕ್ ಪ್ರೋಟೀನ್ ಇದಕ್ಕೇ ಅಡ್ಡ ಕೂರುತ್ತದೆ. ತಡೆ ಹೋಯಿತು. ನರ ಸ್ನಾಯು ಬಿಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತಲೇ ಇರುತ್ತದೆ, ನಾಳ ಬಿಗಿಯುತ್ತಲೇ ಇರುತ್ತದೆ. ಆಸ್ತಮಾ ಇರುವವರಿಗೆ ತಣ್ಣನೆ ಗಾಳಿ, ಜೋರು ನಗು, ಊದುಬತ್ತಿಯ ಹೊಗೆ ಕೂಡ ಕೆಮ್ಮು ತರಿಸುವುದರ ಹಿಂದೆ ಇದೂ ಒಂದು ಕಾರಣ. ಅವು ಯಾವುದಕ್ಕೂ ಐಜಿಇ ಬೇಕಿಲ್ಲ. ನರ ಆಗಲೇ ಕೆರಳಿ ನಿಂತಿರುತ್ತದೆ.

ಬಂದ ಈಸಿನೊಫಿಲ್ ಬೇಗ ಸತ್ತಿದ್ದರೆ ತೊಂದರೆ ಇಷ್ಟು ಎಳೆಯುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಐಎಲ್-5 ಇಲ್ಲದೆ ಇಟ್ಟರೆ ಇವು ಎರಡು ಮೂರು ದಿನದಲ್ಲಿ ತಾವಾಗಿ ಸಾಯುತ್ತವೆ. ಐಎಲ್-5 ಹಾಕಿದರೆ ವಾರಕ್ಕೂ ಹೆಚ್ಚು ಬದುಕುತ್ತವೆ. ಅಲರ್ಜಿ ಇರುವ ಮೂಗಿನಲ್ಲಿ ಐಎಲ್-5 ಹೇಗೂ ಇರುತ್ತದಲ್ಲ. ಸತ್ತ ಮೇಲೂ ಇವುಗಳ ಕಾಟ ತಪ್ಪಿದ್ದಲ್ಲ. ಒಡೆದ ಕಣಗಳಿಂದ ಗ್ಯಾಲೆಕ್ಟಿನ್-10 ಎಂಬ ಪ್ರೋಟೀನು ಹೊರಬಂದು ಚೂಪು ತುದಿಯ ಹರಳಾಗುತ್ತದೆ. ಆಸ್ತಮಾ ರೋಗಿಗಳ ಕಫದಲ್ಲಿ ಈ ಹರಳುಗಳನ್ನು ವೈದ್ಯರು 19ನೇ ಶತಮಾನದಿಂದಲೂ ನೋಡುತ್ತಾ ಬಂದಿದ್ದಾರೆ. ಚಾರ್ಕೋ-ಲೇಡನ್ ಹರಳು ಎಂದು ಹೆಸರು. ಬರೀ ಕಸ ಎಂದುಕೊಂಡಿದ್ದರು. ಈ ಹರಳೇ ಉರಿಯೂತ ಕೆರಳಿಸಬಲ್ಲದು, ಕಫವನ್ನು ಅಂಟಾಗಿಸಬಲ್ಲದು ಎಂದು 2019ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು.

ಇದೇ ಹೊತ್ತಿನಲ್ಲಿ ಐಎಲ್-13 ಒಳಪದರಕ್ಕೆ ಲೋಳೆ ಸುರಿಸಲು ಹೇಳುತ್ತಿರುತ್ತದೆ, ನಾಳದ ಸ್ನಾಯುವನ್ನು ಸೂಕ್ಷ್ಮಗೊಳಿಸುತ್ತಿರುತ್ತದೆ. ಸುದ್ದಿ ಒಂದೇ; ಅದನ್ನು ಪಡೆದ ಒಂದೊಂದು ಕೋಶ ಒಂದೊಂದು ಕೆಲಸ ಮಾಡುತ್ತದೆ.

ಈಸಿನೊಫಿಲ್ ಮೇಲಿನ ಆಪಾದನೆ ಬಿದ್ದುಹೋಗಿದ್ದ ಕಾಲ

ಇಷ್ಟು ಓದಿದ ಮೇಲೆ ಐಎಲ್-5 ತಡೆದರೆ ಆಸ್ತಮಾ ತಗ್ಗಬೇಕು ಅನಿಸುತ್ತದೆ. ವಿಜ್ಞಾನಿಗಳಿಗೂ ಹಾಗೇ ಅನಿಸಿತ್ತು. 2000ದಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. ಐಎಲ್-5ನ್ನು ಹಿಡಿದುಹಾಕುವ ಪ್ರತಿಕಾಯವನ್ನು ಆಸ್ತಮಾ ಇರುವವರಿಗೆ ಕೊಟ್ಟಿದ್ದರು. ರಕ್ತದಲ್ಲಿ, ಕಫದಲ್ಲಿ ಈಸಿನೊಫಿಲ್ ಚೆನ್ನಾಗಿ ಇಳಿಯಿತು. ಆದರೆ ಶ್ವಾಸನಾಳ ಬಿಗಿಯುವುದು ಹಾಗೇ ಇತ್ತು. ಈಸಿನೊಫಿಲ್‌ಗೂ ಆಸ್ತಮಾಕ್ಕೂ ಸಂಬಂಧವೇ ಇಲ್ಲವೇನೋ ಎಂದು ಕೆಲವರು ಬರೆದರು. ಔಷಧಿ ಮೂಲೆಗೆ ಬೀಳುವುದರಲ್ಲಿತ್ತು.

ಎಡವಟ್ಟಾಗಿದ್ದು ಪ್ರಶ್ನೆಯಲ್ಲಿ. ಎಲ್ಲ ಆಸ್ತಮಾ ಒಂದೇ ಎಂದುಕೊಂಡು, ಈಸಿನೊಫಿಲ್ ಎಷ್ಟಿದೆ ಎಂದು ನೋಡದೆ ರೋಗಿಗಳನ್ನು ಆರಿಸುತ್ತಿದ್ದರು. ಅಳೆಯುತ್ತಿದ್ದುದೂ ನಾಳ ಎಷ್ಟು ಬಿಗಿಯುತ್ತದೆ ಎಂಬುದನ್ನು. ಕಾಯಿಲೆ ಎಷ್ಟು ಸಲ ಉಲ್ಬಣಿಸುತ್ತದೆ ಎಂಬುದನ್ನಲ್ಲ. ಜೊತೆಗೆ, ರಕ್ತದಲ್ಲಿ ಈಸಿನೊಫಿಲ್ ಇಳಿದರೂ ಶ್ವಾಸನಾಳದ ಗೋಡೆಯೊಳಗೆ ಅರ್ಧದಷ್ಟು ಹಾಗೇ ಉಳಿದಿರುತ್ತವೆ ಎಂದು 2003ರಲ್ಲಿ ಗೊತ್ತಾಯಿತು. 2009ರಲ್ಲಿ ಬೇರೆ ರೀತಿ ಮಾಡಿದರು. ಸ್ಟೀರಾಯ್ಡ್ ತೆಗೆದುಕೊಂಡರೂ ಕಫದಲ್ಲಿ ಈಸಿನೊಫಿಲ್ ಇಳಿಯದೇ ಇದ್ದವರನ್ನು ಮಾತ್ರ ಆರಿಸಿ, ಉಲ್ಬಣಗಳನ್ನು ಎಣಿಸಿದರು. ಎರಡು ಅಧ್ಯಯನಗಳಲ್ಲೂ ಅವು ಗಣನೀಯವಾಗಿ ಇಳಿದವು. ಮೆಪೊಲಿಜುಮ್ಯಾಬ್ ಎಂಬ ಆ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಔಷಧಿ, ಅದೇ ಕಣ. ಬದಲಾಗಿದ್ದು ಯಾರಿಗೆ ಕೊಡಬೇಕು, ಏನನ್ನು ಅಳೆಯಬೇಕು ಎಂಬುದು ಮಾತ್ರ. ಅಲರ್ಜಿ ವಿಜ್ಞಾನದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಪ್ರಸಂಗ ಇದು.

ಯಾವ ಔಷಧಿ ಯಾವ ಸುದ್ದಿ ತಡೆಯುತ್ತದೆ

ಈಗ ಔಷಧಿಗಳ ಗುಣ ತಾನಾಗಿ ಅರ್ಥವಾಗುತ್ತದೆ. ಆಂಟಿಹಿಸ್ಟಮಿನ್ ಮಾತ್ರೆ ಹಿಸ್ಟಮಿನ್‌ನ ರಿಸೆಪ್ಟರಿಗೆ ಅಡ್ಡ ಕೂರುತ್ತದೆ. ಸೀನು, ತುರಿಕೆ, ನೀರು ಸೋರುವುದು ತಗ್ಗುತ್ತದೆ. ಕಟ್ಟಿದ ಮೂಗಿಗೆ ಅಷ್ಟಾಗಿ ನಾಟುವುದಿಲ್ಲ, ಏಕೆಂದರೆ ಅದು ಬರೀ ಹಿಸ್ಟಮಿನ್ ಕೆಲಸವಲ್ಲ. "ಮಾತ್ರೆ ತಗೊಂಡ್ರೂ ಮೂಗು ಬಿಡ್ತಿಲ್ಲ" ಅನ್ನುವವರ ಮಾತ್ರೆ ಕೆಟ್ಟದ್ದಲ್ಲ. ಅದರ ವ್ಯಾಪ್ತಿಯೇ ಅಷ್ಟು.

ಎರಡನೇ ಹಂತಕ್ಕೆ ಹೊಂದುವುದು ಸ್ಟೀರಾಯ್ಡ್, ಮೂಗಿನ ಸ್ಪ್ರೇ ಅಥವಾ ಇನ್‌ಹೇಲರ್ ರೂಪದಲ್ಲಿ. ಇದು ಕೋಶದೊಳಗೆ ಹೋಗಿ ಸೈಟೊಕೈನುಗಳ ಜೀನುಗಳನ್ನೇ ಸುಮ್ಮನಾಗಿಸುತ್ತದೆ, ಈಸಿನೊಫಿಲ್‌ಗಳ ಸಾವನ್ನೂ ಬೇಗ ತರುತ್ತದೆ. ಜೀನು ಸುಮ್ಮನಾಗಿ, ಬಂದ ಕಣಗಳು ಖಾಲಿಯಾಗಿ, ಪದರ ವಾಸಿಯಾಗಲು ದಿನಗಳು ಬೇಕು. ಆದರೆ ಹೆಚ್ಚಿನ ಜನ ಸೀನು ಬಂದ ದಿನ ಒಂದು ಸಲ ಸ್ಪ್ರೇ ಹೊಡೆದುಕೊಂಡು, ಇದು ಕೆಲಸಕ್ಕೆ ಬಾರದ್ದು ಎಂದು ಪಕ್ಕಕ್ಕಿಡುತ್ತಾರೆ. ವೈದ್ಯರು ದಿನಾ ತಗೊಳ್ಳಿ ಎಂದಿದ್ದರೆ ಅದಕ್ಕೆ ಇಷ್ಟೆಲ್ಲ ಕಾರಣವಿದೆ.

ಅಲರ್ಜಿ ದೇಹವಿಡೀ ಒಮ್ಮೆಲೇ ಕೆರಳಿ ಉಸಿರು ಕಟ್ಟಿ, ಬಿಪಿ ಇಳಿಯುವ ಅನಾಫಿಲ್ಯಾಕ್ಸಿಸ್ ಮಾತ್ರ ಬೇರೆಯೇ ಮಾತು. ಅಲ್ಲಿ ಮೊದಲ ಹಂತವೇ ಜೀವ ತೆಗೆಯಬಲ್ಲದು. ಆಗ ಬೇಕಾದದ್ದು ತಕ್ಷಣ ಅಡ್ರಿನಲಿನ್ ಇಂಜೆಕ್ಷನ್. ಆಂಟಿಹಿಸ್ಟಮಿನ್ ಆಗಲಿ ಸ್ಟೀರಾಯ್ಡ್ ಆಗಲಿ ಅದರ ಬದಲಿಗೆ ಬರುವುದಿಲ್ಲ.

ಕಳೆದ ಎರಡು ದಶಕಗಳಲ್ಲಿ ಒಂದೊಂದು ಸುದ್ದಿಯನ್ನೇ ಗುರಿಯಿಟ್ಟು ತಡೆಯುವ ಇಂಜೆಕ್ಷನ್‌ಗಳು ಬಂದಿವೆ. 2003ರ ಒಮಾಲಿಜುಮ್ಯಾಬ್ ರಕ್ತದಲ್ಲಿರುವ ಐಜಿಇಯನ್ನು ಹಿಡಿದುಹಾಕುತ್ತದೆ. ತಿಂಗಳುಗಳು ಕಳೆದಂತೆ ಮಾಸ್ಟ್ ಕೋಶಗಳ ಮೇಲಿನ ಐಜಿಇ ರಿಸೆಪ್ಟರುಗಳೂ ಕಡಿಮೆಯಾಗುತ್ತವೆ. 2017ರ ಬೆನ್ರಾಲಿಜುಮ್ಯಾಬ್ ಈಸಿನೊಫಿಲ್ ಮೇಲಿನ ಐಎಲ್-5 ರಿಸೆಪ್ಟರಿಗೇ ಅಂಟಿಕೊಂಡು, ಆ ಕಣವನ್ನು ಕೊಲ್ಲಲು ಬೇರೆ ರಕ್ಷಣಾ ಕೋಶಗಳನ್ನು ಕರೆಯುತ್ತದೆ. 2021ರ ಕೊನೆಗೆ ಬಂದ ಟೆಜೆಪೆಲುಮ್ಯಾಬ್ ತಡೆಯುವುದು ಒಳಪದರ ಹೊರಡಿಸುವ ಟಿಎಸ್‌ಎಲ್‌ಪಿಯನ್ನು.

ಡುಪಿಲುಮ್ಯಾಬ್ ಐಎಲ್-4 ಮತ್ತು ಐಎಲ್-13 ಎರಡನ್ನೂ ತಡೆಯುತ್ತದೆ, ಏಕೆಂದರೆ ಎರಡೂ ಒಂದು ರಿಸೆಪ್ಟರ್ ಎಳೆಯನ್ನು ಹಂಚಿಕೊಳ್ಳುತ್ತವೆ. ಇದನ್ನು ತೆಗೆದುಕೊಂಡ ಕೆಲವರಿಗೆ ಶುರುವಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. ಉಸಿರಾಟ ಸುಧಾರಿಸುತ್ತಿರುತ್ತದೆ, ಆದರೆ ರಕ್ತದಲ್ಲಿ ಈಸಿನೊಫಿಲ್ ಏರುತ್ತದೆ. ಮೇಲಿನದನ್ನು ಓದಿದವರಿಗೆ ಕಾರಣ ಹೊಳೆದಿರಬಹುದು. ಮಜ್ಜೆಗೆ ಹೋಗುವ ಐಎಲ್-5 ಹಾಗೇ ಇದೆ, ಉತ್ಪಾದನೆ ನಡೆದಿದೆ. ಆದರೆ ರಕ್ತನಾಳದ ಗೋಡೆಯಲ್ಲಿ ವಿಕ್ಯಾಮ್-1 ಇಲ್ಲ, ಆಚೆ ಇಯೊಟಾಕ್ಸಿನ್ ಇಲ್ಲ. ಇಳಿಯಲು ಜಾಗವಿಲ್ಲದೆ ಕಣಗಳು ರಕ್ತದಲ್ಲೇ ಸುತ್ತುತ್ತಿರುತ್ತವೆ. ಹೆಚ್ಚಿನವರಲ್ಲಿ ಇದು ತಾತ್ಕಾಲಿಕ. ಆದರೂ ವೈದ್ಯರು ಗಮನವಿಡುತ್ತಾರೆ.

ರಕ್ತ ಪರೀಕ್ಷೆಯ ರಿಪೋರ್ಟ್ ಓದುವಾಗಲೂ ಇದು ನೆನಪಿರಬೇಕು. ಮೈಕ್ರೋಲೀಟರಿಗೆ 500ರವರೆಗೆ ಈಸಿನೊಫಿಲ್ ಇದ್ದರೆ ಸಾಮಾನ್ಯ ಎನ್ನುತ್ತಾರೆ. ಆದರೆ ರಕ್ತ ಅವುಗಳಿಗೆ ಬರೀ ದಾರಿ. ದಾರಿಯಲ್ಲಿ ಕಡಿಮೆ ಕಂಡರೂ ಮೂಗಿನಲ್ಲಿ ತುಂಬಿರಬಹುದು. ದಾರಿಯಲ್ಲಿ ಜಾಸ್ತಿ ಕಂಡರೆ ಅದು ಅಲರ್ಜಿಯೇ ಆಗಬೇಕಿಲ್ಲ. ಹೊಟ್ಟೆಹುಳ, ಕೆಲವು ಔಷಧಿಗಳು, ಬೇರೆ ಕಾಯಿಲೆಗಳೂ ಕಾರಣ ಇರಬಹುದು. ಸ್ಟೀರಾಯ್ಡ್ ಮಾತ್ರೆ ತಗೊಂಡ ದಿನ ಪರೀಕ್ಷೆ ಮಾಡಿಸಿದರೆ ಕೆಲವೇ ಗಂಟೆಯಲ್ಲಿ ಎಣಿಕೆ ಕುಸಿದಿರುತ್ತದೆ.

ಇನ್ನೊಂದು ಪರೀಕ್ಷೆ ಉಸಿರಿನದು. ಐಎಲ್-13 ಮುಟ್ಟಿದ ಶ್ವಾಸನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಮಾಡುವ ಎಂಜೈಮನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದು ಯಂತ್ರಕ್ಕೆ ನಿಧಾನವಾಗಿ ಊದಿದರೆ ಆ ಅನಿಲ ಎಷ್ಟಿದೆ ಎಂದು ಅದು ನೂರು ಕೋಟಿಗೆ ಇಷ್ಟು ಎಂಬ ಲೆಕ್ಕದಲ್ಲಿ ಅಳೆಯುತ್ತದೆ. ಸೂಜಿ ಚುಚ್ಚದೆ, ಒಳಗೆ ಐಎಲ್-13ರ ಸುದ್ದಿ ಹರಿಯುತ್ತಿದೆಯೇ ಎಂದು ಅಂದಾಜಾಗುತ್ತದೆ. ತೀವ್ರ ಆಸ್ತಮಾ ಇರುವ ಕೆಲವರಲ್ಲಿ ಈ ಅನಿಲವೂ ಕಡಿಮೆ, ರಕ್ತದಲ್ಲಿ ಈಸಿನೊಫಿಲ್ ಕೂಡ ಕಡಿಮೆ, ಐಜಿಇಯೂ ಏರಿಲ್ಲ. ಅಂಥವರ ಕಫದಲ್ಲಿ ಈಸಿನೊಫಿಲ್ ಬದಲು ನ್ಯೂಟ್ರೊಫಿಲ್‌ಗಳು ಕಾಣಬಹುದು, ಅಥವಾ ಎರಡೂ ಇಲ್ಲದಿರಬಹುದು. ಐಎಲ್-5 ತಡೆಯುವ ದುಬಾರಿ ಇಂಜೆಕ್ಷನ್ ಅವರಿಗೆ ಕೊಟ್ಟು ಹೆಚ್ಚು ಪ್ರಯೋಜನವಿಲ್ಲ. ತಡೆಯಬೇಕಾದ ಸುದ್ದಿ ಅಲ್ಲಿ ಹರಿಯುತ್ತಲೇ ಇಲ್ಲ.